ಅವ್ವನ ಹೆಪ್ಪು, ಭೋಸರಿಯ ಬಿಸಿಲು

ಏಪ್ರಿಲ್ ತಿಂಗಳ ಒಂದು ಸಂಜೆ ಡ್ಯೂಟಿ ಮುಗಿಸಿ ಬಂದು ಅಡುಗೆಮನೆಯ ಗಾಜಿನ ಬಾಟಲಿಯ ಮುಚ್ಚಳ ತೆಗೆದೆ. ಉಗುರುಬಣ್ಣ ಅಳಿಸುವ ದ್ರಾವಣದ ವಾಸನೆ ಮೂಗಿಗೆ ಬಡಿಯಿತು. ಹಿಟ್ಟು ತಳಕ್ಕಿಳಿದು ಮೇಲೆ ಕಂದು ನೀರು ನಿಂತಿತ್ತು. ಇದು ನಾನು ಕೆಡಿಸಿದ ಮೂರನೇ ಸವರ್‌ಡೋ ಸ್ಟಾರ್ಟರ್.

ಕಂಪನಿ ಕೆಲಸದ ಮೇಲೆ ಮೂರು ತಿಂಗಳು ಜರ್ಮನಿಯಲ್ಲಿದ್ದಾಗ ಆ ಹುಳಿ ಬ್ರೆಡ್ಡಿನ ರುಚಿ ಹತ್ತಿತ್ತು. ಅಂಗಡಿಯ ಯೀಸ್ಟ್ ಬೇಡ. ಹಿಟ್ಟಿಗೆ ನೀರು ಬೆರೆಸಿ ಇಟ್ಟರೆ ಹಿಟ್ಟಿನಲ್ಲೇ ಇರುವ ಕಾಡು ಯೀಸ್ಟ್ ಮತ್ತು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆಳೆದು ಬ್ರೆಡ್ಡನ್ನು ಉಬ್ಬಿಸುತ್ತವೆ. ಭೋಸರಿ ಎಂಐಡಿಸಿಯಲ್ಲಿ ವಾಹನಗಳ ಬಿಡಿಭಾಗಗಳ ಗುಣಮಟ್ಟ ನೋಡುವವನು ನಾನು. ಮೈಕ್ರಾನ್ ಲೆಕ್ಕದಲ್ಲಿ ಅಳೆಯುವವನಿಗೆ ಹಿಟ್ಟು, ನೀರು ಯಾವ ಲೆಕ್ಕ ಎಂದುಕೊಂಡಿದ್ದೆ.

ಅದೇ ಬೇಸಿಗೆಯಲ್ಲಿ ಅವ್ವ ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಬಂದಿದ್ದಳು. ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಇಂದ್ರಾಯಣಿ ನಗರದ ಮೂರನೇ ಮಹಡಿಯ ಮನೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ. ಅವ್ವನಿಗೆ ಮರಾಠಿ ತಿಳಿಯುತ್ತದೆ, ಮಾತಾಡಲು ಸಂಕೋಚ. ಬಂದು ಎರಡು ವಾರವಾದರೂ ಅವಳ ಚೀಲ ಪೂರ್ತಿ ಬಿಚ್ಚಿರಲಿಲ್ಲ. "ಇಲ್ಲಿ ನನಗೇನ್ ಕೆಲಸ ಐತಿ? ಬಸ್ ಹತ್ತಸಿಬಿಡು" ಎನ್ನುವಳು. ನನ್ನ ಬಳಿ ಉತ್ತರವಿರಲಿಲ್ಲ.

ಆ ಸಂಜೆ ಅವಳು ಬಾಟಲಿ ಮೂಸಿ ನೋಡಿ ಕೇಳಿದಳು: "ಹಳೇದು ಎಷ್ಟ ಉಳಸ್ತಿ?"

"ಐವತ್ತು ಗ್ರಾಂ. ಅದಕ್ಕ ಐವತ್ತು ಹಿಟ್ಟು, ಐವತ್ತು ನೀರು."

"ಬ್ಯಾಸಗ್ಯಾಗ ಹೆಪ್ಪು ಒಂದ್ ಹನಿ ಸಾಕೋ. ನೀ ಚಳಿಗಾಲದ ಅಳತಿ ಹಾಕಾಕತ್ತಿ."

ಅಳತೆಯ ಮನುಷ್ಯನಿಗೆ ಇದು ಹೊಳೆದಿರಲಿಲ್ಲ. ನಾನು ಓದಿದ್ದೆಲ್ಲ ತಂಪು ದೇಶದವರ ಲೆಕ್ಕ. ಹುಳಿ ಬ್ರೆಡ್ಡಿಗೆ ಹೆಸರಾದ ಸ್ಯಾನ್‌ಫ್ರಾನ್ಸಿಸ್ಕೊ ಬೇಸಿಗೆಯಲ್ಲೂ ಸ್ವೆಟರ್ ಬೇಡುವ ಊರು. ಅಲ್ಲಿನ ಬ್ರೆಡ್ಡಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾಕ್ಕೆ 1971ರಲ್ಲಿ ಸಂಶೋಧಕರು ಆ ಊರಿನ ಹೆಸರನ್ನೇ ಇಟ್ಟರು. ನಮ್ಮ ಅಡುಗೆಮನೆಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ: 34 ಡಿಗ್ರಿ. ಯೀಸ್ಟಿಗೆ 24ರಿಂದ 28 ಡಿಗ್ರಿ ಹಿತ. ಅದಕ್ಕಿಂತ ಹೆಚ್ಚಾದರೆ ಎಲ್ಲವೂ ಅವಸರ, ಹುಳಿಯದ್ದೇ ಮೇಲುಗೈ. ಅದೂ ಅಲ್ಲದೆ, ಗಿರಣಿ ಹಿಟ್ಟು ಬೀಸುವಾಗ ಪಿಷ್ಟದ ಕಣಗಳು ಒಡೆದಿರುವುದರಿಂದ ಬೇಗ ಹುದುಗುತ್ತದೆ. ಬೆಳಿಗ್ಗೆ ಏಳಕ್ಕೆ ಉಣಿಸಿದ್ದು ಹನ್ನೊಂದಕ್ಕೇ ಉಬ್ಬಿ ಇಳಿದು, ನಾನು ಬರುವವರೆಗೂ ಹಸಿದು ಕೂರುತ್ತಿತ್ತು.

ಮರುದಿನದಿಂದ ಅವ್ವನ ಲೆಕ್ಕ. ಹಳೆಯದು 10 ಗ್ರಾಂ, ಹಿಟ್ಟು 50, ಮಡಕೆಯ ತಣ್ಣೀರು 50. ಬಾಟಲಿಯನ್ನು ಮಣ್ಣಿನ ಕುಡಿಕೆಯಲ್ಲಿಟ್ಟು ಸುತ್ತ ಒದ್ದೆ ಬಟ್ಟೆ. ಒಣ ಬಿಸಿಲಿನಲ್ಲಿ ಇದು ಚೆನ್ನಾಗಿ ತಂಪಿಡುತ್ತದೆ, ಮಳೆಗಾಲದಲ್ಲಿ ಅಷ್ಟಿಲ್ಲ. ಬಾಟಲಿಗೆ ರಬ್ಬರ್ ಬ್ಯಾಂಡ್ ಹಾಕಿ ಎಷ್ಟು ಏರಿತೆಂದು ಗುರುತಿಟ್ಟೆ. ಆದರೆ ಮಧ್ಯಾಹ್ನ ಅದನ್ನು ನೋಡುವವಳು ಅವ್ವ. ಉಬ್ಬಿ ನಿಂತ ಹೊತ್ತಿಗೆ ಸರಿಯಾಗಿ ಫ್ರಿಜ್ಜಿಗೆ ಇಡುವವಳೂ ಅವಳೇ.

ನೀವೂ ಮಾಡುವುದಾದರೆ ಎರಡು ಮಾತು. ಎರಡನೇ ದಿನ ಭರ್ರನೆ ಬರುವ ಗುಳ್ಳೆಗಳನ್ನು ನಂಬಬೇಡಿ, ಅದು ಬೇರೆ ಬ್ಯಾಕ್ಟೀರಿಯಾಗಳ ಆಟ. ಆಮೇಲೆ ಒಂದೆರಡು ದಿನ ಸುಮ್ಮನಾಗುತ್ತದೆ. ಸತ್ತಿತೆಂದು ಚೆಲ್ಲದೆ ದಿನವೂ ಉಣಿಸುತ್ತ ಹೋದರೆ ವಾರ, ಹತ್ತು ದಿನದಲ್ಲಿ ನಿಜವಾದ ಯೀಸ್ಟ್ ಎದ್ದು ನಿಲ್ಲುತ್ತದೆ. ಗುಲಾಬಿ, ಕಿತ್ತಳೆ ಬಣ್ಣದ ಗೆರೆಯೋ ಬೂಷ್ಟೋ ಕಂಡರೆ ಮಾತ್ರ ಪೂರ್ತಿ ಚೆಲ್ಲಿ. ಗಟ್ಟಿಯಾದ ಮೇಲೆ ಫ್ರಿಜ್ಜಿನಲ್ಲಿಟ್ಟು ವಾರಕ್ಕೊಮ್ಮೆ ಉಣಿಸಿದರೆ ಸಾಕು.

ನಿಂತ ಸ್ಟಾರ್ಟರಿನಲ್ಲಿ ಪ್ರತಿ ಸಲ ಹೆಚ್ಚಾಗಿ ಉಳಿದದ್ದನ್ನು ಎಸೆಯಲು ಅವ್ವ ಬಿಡಲಿಲ್ಲ. ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ದೋಸೆ ಹುಯ್ದಳು. ಒಂದು ದಿನ ಎದುರುಮನೆಯ ಆಜಿಗೂ ಕೊಟ್ಟಳಂತೆ. ಆಜಿ ಮರುದಿನ ತಟ್ಟೆ ವಾಪಸ್ ಕೊಡಲು ಬಂದವರು ಒಂದು ತಾಸು ಕೂತರು. ಯಾವ ಭಾಷೆಯಲ್ಲಿ ಮಾತಾಡಿದರೋ ನಾನು ಕೇಳಲಿಲ್ಲ.

ನನ್ನ ಮೊದಲ ಬ್ರೆಡ್ಡು ಇಟ್ಟಿಗೆಯಂತಿತ್ತು. ಅರ್ಧ ಮೈದಾ ಬೆರೆಸಿದ ಎರಡನೆಯದು ಹಗುರಾಯಿತು. ಅವ್ವ ಒಂದು ಚೂರು ತಿಂದು, "ರೊಟ್ಟಿನ ಚಲೋ" ಎಂದಳು. ಆದರೆ ಮರುದಿನ ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಹಿಟ್ಟು ಉಣಿಸಿದ್ದಳು.

ಕಾರಹುಣ್ಣಿಮೆಗೆ ಊರಿಗೆ ಹೋಗಲೇಬೇಕೆಂದಳು, ತಡೆಯಲಿಲ್ಲ. ಹೊರಡುವ ಮುನ್ನ ಸ್ಟಾರ್ಟರನ್ನು ತಟ್ಟೆಯಲ್ಲಿ ತೆಳುವಾಗಿ ಸವರಿ, ಸಂಡಿಗೆಯಂತೆ ನೆರಳಲ್ಲಿ ಒಣಗಿಸಿ, ಪುಡಿ ಮಾಡಿ ಡಬ್ಬಿಯಲ್ಲಿಟ್ಟಳು. ಹೀಗೆ ಒಣಗಿಸಿದ್ದು ತಿಂಗಳುಗಟ್ಟಲೆ ಉಳಿಯುತ್ತದೆ, ನೀರು ಹಿಟ್ಟು ಕೊಟ್ಟರೆ ಮತ್ತೆ ಏಳುತ್ತದೆ.

"ನಾ ಬರೂದ್ರಾಗ ಮತ್ತ ಸಾಯಿಸಿದ್ರ, ಇದರಿಂದ ಎಬ್ಬಸು" ಎಂದಳು.

ಬರೂದ್ರಾಗ ಎಂದಳಲ್ಲ, ಅಷ್ಟು ಸಾಕಾಯಿತು ನನಗೆ. ಅವಳನ್ನು ಬಸ್ ಹತ್ತಿಸಿ ಬಂದು ನೋಡಿದರೆ, ಎರಡು ಸೀರೆ ಕಪಾಟಿನಲ್ಲೇ ಇದ್ದವು.