ಗರಡಿಯ ಮಣ್ಣು

ಜಮಖಂಡಿ, ಹುನ್ನೂರು, ಮುಧೋಳಗಳ ಸೀಮೆ ಕೃಷ್ಣಾ ಘಟಪ್ರಭೆಗಳ ನೀರುಂಡು ಬೆಳೆದ ಕಬ್ಬಿನ ಸೀಮೆ. ಗದಾಯುದ್ಧವನ್ನು ಬರೆದ ರನ್ನನ ಹುಟ್ಟೂರು ಬೆಳಗಲಿಯೂ ಇಲ್ಲಿಯದೇ. ಗದೆ ಇಲ್ಲಿ ಕಾವ್ಯದಲ್ಲಿ ಮಾತ್ರವಲ್ಲ, ಗರಡಿಮನೆಯ ಮೂಲೆಯಲ್ಲಿಯೂ ಉಂಟು ಎಂದರೆ ಪಂಡಿತರು ನಕ್ಕಾರು. ಆದರೂ ಮಾತು ಸುಳ್ಳಲ್ಲ.

ಕುಸ್ತಿಗೆ ನಮ್ಮಲ್ಲಿ ಹಳೆಯ ಗೌರವವಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಮಲ್ಲರನ್ನು ವಿಂಗಡಿಸುವ ಬಗೆ, ಅವರ ಸಾಧನೆ, ಅವರಿಗೆ ಅರಮನೆಯಿಂದ ಸಲ್ಲಬೇಕಾದ ಬೇಳೆ, ಮಾಂಸ, ಹಾಲು, ಸಕ್ಕರೆ, ಎಲ್ಲವೂ ಅಲ್ಲಿವೆ. ಖುರಾಕಿನ ಚಿಂತೆ ಅಂದಿನಿಂದಲೂ ಪೈಲವಾನನನ್ನು ಬಿಟ್ಟಿಲ್ಲ. ಗಡಿಯಾಚೆಯ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಕುಸ್ತಿಗೆ ಆಸರೆಯಾಗಿ ನಿಂತರು. ಖಾಸಬಾಗಿನ ಕುಸ್ತಿ ಮೈದಾನ ಅವರ ಕಾಲದ್ದು. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ವಿಲೀನವಾದವು. ಅಲ್ಲಿಂದ ಮುಂದೆ ಪೈಲವಾನನ ಪೋಷಣೆ ಊರವರ ಪಾಲಿಗೆ ಬಂತು. ಜಾತ್ರೆಯ ಜಂಗೀ ನಿಕಾಲಿ ಕುಸ್ತಿಗಳಿಗೆ ಪಟ್ಟಿ ಎತ್ತುವವರು, ಹಲಗೆ ಬಾರಿಸುವವರು, ಕಣದ ಸುತ್ತ ಕುಳಿತು ಕೇಕೆ ಹಾಕುವವರು, ಇವರೇ ಇಂದಿನ ಅರಸರು.

ಆದರೆ ಜಾತ್ರೆ ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ನಸುಕಿಗೆದ್ದು ಗರಡಿಗೆ ಹೋಗುವಂತೆ ಹುಡುಗನೊಬ್ಬನನ್ನು ಎಬ್ಬಿಸುವುದು ಯಾವುದು? ಛಲ ಎಂದು ಸುಲಭವಾಗಿ ಹೇಳಿಬಿಡಬಹುದು. ನನಗೆ ಆ ಉತ್ತರ ಸಾಲದು. ದಂಡ ಬಸ್ಕಿಗಳನ್ನು ಮನೆಯ ಅಂಗಳದಲ್ಲಿ ಒಬ್ಬನೇ ಹಾಕಬಹುದು. ಬೇಸರವಾದ ದಿನ ಒಬ್ಬನೇ ಬಿಡಲೂಬಹುದು. ಗರಡಿಯ ಕೆಲಸ ಹಾಗಲ್ಲ. ಅಲ್ಲಿ ಮೊದಲು ಮಣ್ಣಿನ ಸೇವೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸ ಬೆರೆಸಿ ಹದಗೊಳಿಸಿರುತ್ತಾರೆ. ಅದನ್ನು ಸಲಿಕೆಯಿಂದ ಅಗೆದು, ತಿರುವಿ, ಸಮ ಮಾಡಬೇಕು. ಬಿಟ್ಟರೆ ಗಟ್ಟಿಯಾಗುತ್ತದೆ, ಗಟ್ಟಿ ನೆಲದ ಮೇಲೆ ಬಿದ್ದವನಿಗೆ ಎಲುಬಿನ ಪೆಟ್ಟು ತಪ್ಪಿದ್ದಲ್ಲ. ನಾಲ್ಕು ಕೈ ಕೂಡದೆ ಈ ಕೆಲಸ ಸಾಗದು. ಇಂದು ನಾನು ಅಗೆದ ಮಣ್ಣಿನ ಮೇಲೆ ಬೀಳುವವನು ನನ್ನ ಜೊತೆಗಾರ, ನಾಳೆ ನಾನು.

ಪಟ್ಟುಗಳ ಕಲಿಕೆಯಂತೂ ಜೋಡಿಯಿಲ್ಲದೆ ಆಗದು. ಹಿರಿಯ ಪೈಲವಾನ ಎಳೆಯನ ಎದುರು ನಿಂತಾಗ ತನ್ನ ಬಲವನ್ನೆಲ್ಲ ಹಾಕುವುದಿಲ್ಲ. ಹುಡುಗನ ಹಿಡಿತ ಎಲ್ಲಿ ಸಡಿಲವೆಂಬುದು ತಿಳಿಯುವಷ್ಟು ಮಾತ್ರ ಹಾಕುತ್ತಾನೆ. ಅದನ್ನು ಬದಿಯಲ್ಲಿ ನಿಂತ ಉಸ್ತಾದ ಕಂಡು ಒಂದು ಮಾತಿನಲ್ಲಿ ತಿದ್ದುತ್ತಾನೆ. ಒಬ್ಬ ಬಾರದಿದ್ದರೆ ಇನ್ನೊಬ್ಬನ ಅಂದಿನ ಸಾಮು ಅರ್ಧಕ್ಕೆ ನಿಂತಂತೆ. ಗೈರುಹಾಜರಿಗೆ ಅಲ್ಲಿ ದಂಡ ಬೇಕಿಲ್ಲ, “ನಿನ್ನೆ ಯಾಕ ಬರಲಿಲ್ಲೋ ತಮ್ಮಾ?” ಎಂಬ ಪ್ರಶ್ನೆಯೇ ಸಾಕು. ಪಟ್ಟಣದ ಕನ್ನಡಿಗೋಡೆಯ ಜಿಮ್ಮನ್ನು ನಾನು ಹಳಿಯುವವನಲ್ಲ. ಅಲ್ಲಿಯೂ ಬೆವರು ಬೆವರೇ. ಆದರೆ ಯಂತ್ರಕ್ಕೆ ಈ ಪ್ರಶ್ನೆ ಕೇಳಲು ಬಾರದು.

ಗರಡಿಯ ಗುಣವನ್ನು ಹಾಡುವಾಗ ಅದರ ಬಾಗಿಲ ಮಾತನ್ನು ಮರೆಯಬಾರದು. ಎಲ್ಲ ಊರುಗಳ ಗರಡಿಗಳೂ ಎಲ್ಲ ಜಾತಿಯವರನ್ನೂ ಒಂದೇ ಮಣ್ಣಿಗೆ ಇಳಿಸಿಕೊಂಡವೆಂದರೆ ಉತ್ಪ್ರೇಕ್ಷೆಯಾದೀತು. ಹೆಣ್ಣುಮಕ್ಕಳಿಗಂತೂ ಹೊಸ್ತಿಲೇ ನಿಷಿದ್ಧವಾಗಿತ್ತು. 2004ರಲ್ಲಿ ಅಥೆನ್ಸಿನ ಒಲಿಂಪಿಕ್ಸಿಗೆ ಮಹಿಳೆಯರ ಕುಸ್ತಿ ಸೇರಿತು, 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು. ಈಗ ಕರ್ನಾಟಕದ ಹುಡುಗಿಯರೂ ಕಣಕ್ಕಿಳಿಯುತ್ತಿದ್ದಾರೆ, ಹೆಚ್ಚಾಗಿ ಮ್ಯಾಟಿನ ಮೇಲೆ.

ಈ ಮ್ಯಾಟೇ ಇಂದಿನ ಗರಡಿಯ ದೊಡ್ಡ ಇಕ್ಕಟ್ಟು. ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡುವ ತನಕ ತಾಳ್ಮೆಯಿಂದ ಕಾಯಬಹುದು. ಮ್ಯಾಟಿನ ಮೇಲೆ ಗಡಿಯಾರವೂ ಅಂಕಗಳೂ ಕಾಯಗೊಡುವುದಿಲ್ಲ. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ತಂದ ಖಾಶಾಬಾ ಜಾಧವರೂ ಮಣ್ಣಿನಲ್ಲಿ ಬೆಳೆದು ಮ್ಯಾಟಿಗೆ ಹೋದವರೇ. ದೊಡ್ಡ ಪಂದ್ಯಗಳ ಆಸೆಯಿರುವ ಹುಡುಗ ಎರಡನ್ನೂ ಕಲಿಯಬೇಕು. ಮ್ಯಾಟಿನ ಬೆಲೆ ಹಳ್ಳಿಯ ಗರಡಿಗೆ ಭಾರ. ಜಾತ್ರೆಯ ಪಟ್ಟಿಯಲ್ಲಿ ಅದಕ್ಕೂ ಒಂದು ಪಾಲು ಎತ್ತಿಡಬೇಕೆಂದು ಊರ ಹಿರಿಯರನ್ನು ಉಸ್ತಾದರು ಒಪ್ಪಿಸಬೇಕಾಗಿದೆ.