ಬಳ್ಳಿಯೇ ಕಟ್ಟಿಸುವ ಚಪ್ಪರ

ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ನೋಯುವ ಗಂಟೊಂದು ಕೈಗೆ ಸಿಗುವುದನ್ನು ನೀವು ಗಮನಿಸಿರಬಹುದು. ಅದು ಊದಿಕೊಂಡ ದುಗ್ಧಗ್ರಂಥಿ. ಕತ್ತು, ಕಂಕುಳು, ಹೊಟ್ಟೆ ಮುಂತಾದೆಡೆ ಇಂಥ ನೂರಾರು ಗ್ರಂಥಿಗಳಿವೆ. ರೋಗಾಣುಗಳನ್ನು ಎದುರಿಸುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಇಲ್ಲಿ ಬಂದು ಸೇರುತ್ತವೆ.

ಈ ಕಣಗಳು ಬಂದು ಹೋಗುವ ಅತಿಥಿಗಳು. ಗ್ರಂಥಿಯಲ್ಲೇ ನೆಲೆಸಿ ಅದಕ್ಕೆ ಆಕಾರ ಕೊಡುವವು ಆಸರೆ ಕೋಶಗಳು. ಕಡೂರು ತಾಲ್ಲೂಕಿನ ಹಿರೇನಲ್ಲೂರಿನಂಥ ಊರುಗಳಲ್ಲಿ ಹಿತ್ತಲಿನ ಹೀರೆಬಳ್ಳಿಗೆ ಹಾಕುವ ಚಪ್ಪರದಂತೆ ಇವು ಬಲೆ ಹೆಣೆದುಕೊಂಡಿರುತ್ತವೆ. ಜೊತೆಗೆ ರಾಸಾಯನಿಕ ಸಂಕೇತಗಳನ್ನು ಸೂಸಿ ‘ಟಿ’ ಕಣಗಳನ್ನು ಒಂದೆಡೆಗೂ ‘ಬಿ’ ಕಣಗಳನ್ನು ಇನ್ನೊಂದೆಡೆಗೂ ಸೆಳೆಯುತ್ತವೆ.

ಈ ಚಪ್ಪರ ಸಿದ್ಧವಾಗುವುದು ಯಾವಾಗ? ಇಲಿಗಳ ಮೇಲಿನ ಪ್ರಯೋಗಗಳು ಇದಕ್ಕೆ ಉತ್ತರ ನೀಡಿವೆ. ಅಡಿಪಾಯ ಬೀಳುವುದು ಗರ್ಭದಲ್ಲೇ. ಅದಕ್ಕೆ ಲಿಂಫೋಟಾಕ್ಸಿನ್ ಎಂಬ ಪ್ರೋಟೀನು ಅಗತ್ಯ. ಅದರ ಜೀನನ್ನು ನಿಷ್ಕ್ರಿಯಗೊಳಿಸಿದ ಇಲಿಗಳಲ್ಲಿ ದುಗ್ಧಗ್ರಂಥಿಗಳೇ ಮೂಡಲಿಲ್ಲವೆಂದು 1994ರಲ್ಲಿ ಅಮೆರಿಕದ ವಿಜ್ಞಾನಿಗಳು ವರದಿ ಮಾಡಿದರು. ಇಲಿಮರಿ ಹುಟ್ಟಿದಾಗ ಗ್ರಂಥಿಯಿದ್ದರೂ ಒಳಗಿನ ವಿಭಾಗಗಳು ಸ್ಪಷ್ಟವಾಗಿರುವುದಿಲ್ಲ. ಜನನದ ನಂತರ ಲಿಂಫೋಸೈಟುಗಳು ಹಿಂಡುಹಿಂಡಾಗಿ ಒಳಬರುತ್ತವೆ. ಆಗ ‘ಬಿ’ ಕಣಗಳೇ ಲಿಂಫೋಟಾಕ್ಸಿನ್ ಮೂಲಕ ಆಸರೆ ಕೋಶಗಳಿಗೆ ಸಂಕೇತ ಕಳುಹಿಸುತ್ತವೆ. ಗ್ರಂಥಿಯ ಹೊರಪೊರೆಯ ಕೆಳಗಿರುವ ಆಸರೆ ಕೋಶಗಳಿಂದ, ರೆಂಬೆಗಳಂತೆ ಕೈಚಾಚಿದ ಹೊಸ ಬಗೆಯ ಕೋಶಗಳು ಹುಟ್ಟುವುದನ್ನು 2014ರ ಅಧ್ಯಯನವೊಂದು ತೋರಿಸಿತು. ‘ಬಿ’ ಕಣಗಳಿಲ್ಲದ ಇಲಿಗಳಲ್ಲಿ ಈ ರೆಂಬೆಕೋಶಗಳ ಜಾಲ ರೂಪುಗೊಳ್ಳುವುದೇ ಇಲ್ಲ. ಅಂದರೆ, ಇಲ್ಲಿ ಬಳ್ಳಿಯೇ ತನ್ನ ಚಪ್ಪರವನ್ನು ಕಟ್ಟಿಸಿಕೊಳ್ಳುತ್ತದೆ!

ರೆಂಬೆಕೋಶಗಳು ರೋಗಾಣುವಿನ ಅಂಶಗಳನ್ನು ಹಿಡಿದಿಟ್ಟು ‘ಬಿ’ ಕಣಗಳಿಗೆ ತೋರಿಸುತ್ತವೆ. ಇದರಿಂದಲೇ ಉತ್ತಮ ಪ್ರತಿಕಾಯಗಳು ತಯಾರಾಗುವುದು. ಎಳೆಯ ಇಲಿಮರಿಗಳಿಗೆ ಲಸಿಕೆ ಕೊಟ್ಟಾಗ ಪ್ರತಿಕಾಯಗಳು ಕಡಿಮೆಯಾಗಲು ಈ ಕೋಶಗಳು ತಡವಾಗಿ ಬಲಿಯುವುದೂ ಒಂದು ಕಾರಣವೆಂದು 2003ರಲ್ಲಿ ಕಂಡುಬಂತು.

ಮನುಷ್ಯರಲ್ಲಿ ಗ್ರಂಥಿಯ ರಚನೆ ಗರ್ಭದಲ್ಲೇ ಇನ್ನಷ್ಟು ಮುಂದುವರಿದಿರುತ್ತದೆ. ಆದರೂ ಪ್ರತಿಕಾಯಗಳನ್ನು ಪಳಗಿಸುವ ಕೇಂದ್ರಗಳು ಸಾಮಾನ್ಯವಾಗಿ ಮೂಡುವುದು ಹುಟ್ಟಿದ ಮೇಲೆ, ಹೊರಜಗತ್ತಿನ ಸೂಕ್ಷ್ಮಜೀವಿಗಳ ಪರಿಚಯವಾದ ನಂತರ. ಅಲ್ಲಿಯವರೆಗೆ ಮಗುವಿಗೆ ತಾಯಿಯಿಂದ ಬಂದ ಪ್ರತಿಕಾಯಗಳು ಮತ್ತು ಎದೆಹಾಲು ರಕ್ಷೆ.

ನಮ್ಮ ರಾಷ್ಟ್ರೀಯ ವೇಳಾಪಟ್ಟಿಯಂತೆ ಹುಟ್ಟಿದ ಕೂಡಲೇ ಬಿ.ಸಿ.ಜಿ. ಹಾಕಿ, ಪೆಂಟಾವೇಲೆಂಟ್ ಲಸಿಕೆಯನ್ನು 6, 10 ಮತ್ತು 14ನೇ ವಾರಗಳಲ್ಲಿ ಮೂರು ಸಲ ಕೊಡುತ್ತಾರೆ. ಎಳೆಯ ದೇಹಕ್ಕೆ ಒಂದೇ ಪಾಠ ಸಾಲದು. ನಿಮ್ಮ ಮನೆಯಲ್ಲಿ ಹಸುಗೂಸಿದ್ದರೆ ಇಂದೇ ತಾಯಿ ಕಾರ್ಡ್ ತೆರೆದು ನೋಡಿ: ಯಾವ ವಾರದ ಲಸಿಕೆಯಾದರೂ ತಪ್ಪಿದೆಯೇ?