ಗೋಣಿಸೊಪ್ಪಿನ ಹುಳಿ

ದೊಮ್ಮಲೂರಿನಲ್ಲಿ ಮನೆ ಕಟ್ಟದೆ ಉಳಿದ ನಿವೇಶನಗಳಲ್ಲಿ, ಕಲ್ಲುಚಪ್ಪಡಿಗಳ ಸಂದಿನಲ್ಲಿ, ಕೆಂಪು ಕಾಂಡವನ್ನು ನೆಲಕ್ಕೆ ಹಾಸಿಕೊಂಡು ದಪ್ಪನೆಯ ನುಣ್ಣನೆಯ ಎಲೆ ಬಿಡುವ ಸಸ್ಯವೊಂದುಂಟು. ಕನ್ನಡದಲ್ಲಿ ಅದು ಗೋಣಿಸೊಪ್ಪು. ನೆರೆಮನೆಯ ತಮಿಳರಿಗೆ ಪರುಪ್ಪುಕೀರೆ, ತೆಲುಗರಿಗೆ ಗಂಗವಾಯಿಲಿ ಕೂರ, ಉರ್ದು ಮಾತಿನವರಿಗೆ ಕುಲ್ಫಾ. ಇಷ್ಟು ಅಡುಗೆಮನೆಗಳು ಹೆಸರಿಟ್ಟು ಕರೆದುದನ್ನು ನಾವೀಗ ಕಳೆಯೆಂದು ಕೀಳಿಸುತ್ತೇವೆ. ಬೇಸಾಯಗಾರನ ಸಿಟ್ಟಿಗಾದರೋ ಕಾರಣವಿದೆ: ಕಿತ್ತು ಬದುವಿಗೆ ಎಸೆದರೂ ಇದು ಬೇಗ ಸಾಯದು, ಕಾಂಡದಲ್ಲಿ ಕೂಡಿಟ್ಟ ನೀರಿನಿಂದಲೇ ಬೀಜ ಬಲಿಸಿಕೊಳ್ಳುತ್ತದೆ.

ನೆಲ ಒಣಗಿದ ಬೇಸಗೆಯಲ್ಲಿ ಮುಂಜಾನೆ ಕೊಯ್ದ ಇದರ ಎಲೆ ಹುಳಿ, ಸಂಜೆ ಕೊಯ್ದದ್ದು ಸಪ್ಪೆ. ಎಲೆಯ ಮೈಯಲ್ಲಿರುವ ಸೂಕ್ಷ್ಮ ರಂಧ್ರಗಳು ತೆರೆದರೆ ಗಾಳಿ ಒಳಬರುತ್ತದೆ, ಆದರೆ ನೀರು ಆವಿಯಾಗಿ ಹೊರಹೋಗುತ್ತದೆ. ಆದುದರಿಂದ ಬರಗಾಲದಲ್ಲಿ ಈ ಸಸ್ಯ ಹಗಲು ಬಾಗಿಲಿಕ್ಕಿ ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಆಗ ಹೀರಿದ ಇಂಗಾಲಾಮ್ಲವನ್ನು ಸೇಬಿನ ಹುಳಿಯಾದ ಮ್ಯಾಲಿಕ್ ಆಮ್ಲವಾಗಿಸಿ ಕೂಡಿಟ್ಟು, ಹಗಲಿನ ಬೆಳಕಿನಲ್ಲಿ ಅದನ್ನು ವೆಚ್ಚ ಮಾಡುತ್ತದೆ; ಸಂಜೆಗೆ ಹುಳಿ ತೀರಿರುತ್ತದೆ. ಪಾಪಾಸುಕಳ್ಳಿಯ ಬಾಳುವೆಯೂ ಹೀಗೆಯೇ. ನೀರಿದ್ದಾಗ ಮಾತ್ರ ಗೋಣಿಸೊಪ್ಪು ರಾಗಿ ಜೋಳಗಳ ದಾರಿ ಹಿಡಿದು ಹಗಲಿನಲ್ಲೇ ಚುರುಕಾಗಿ ಬೆಳೆಯುತ್ತದೆ. ಈ ಎರಡು ಕ್ರಮಗಳೂ ಇದರ ಎಲೆಯ ಒಂದೇ ಬಗೆಯ ಜೀವಕೋಶಗಳಲ್ಲಿ ಕೂಡಿ ನಡೆಯಬಲ್ಲವೆಂದು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2022ರಲ್ಲಿ ತೋರಿಸಿದರು. ಬರ ತಾಳುವ ಬೆಳೆಗಳನ್ನು ಅರಸುವವರಿಗೆ ಇದು ಸಣ್ಣ ಸುದ್ದಿಯಲ್ಲ.

ಸಾಹಿತ್ಯಾಸಕ್ತರಿಗೆ ಇನ್ನೊಂದು ಮಾತು. ತನ್ನ ಜೋಳದ ಹೊಲದಿಂದ ಇದೇ ಸೊಪ್ಪನ್ನು ಆಯ್ದು, ಬೇಯಿಸಿ, ಉಪ್ಪು ಹಾಕಿ ಊಟ ಮಾಡಿದುದನ್ನು ಥೋರೋ 1854ರ 'ವಾಲ್ಡನ್' ಗ್ರಂಥದಲ್ಲಿ ಬರೆದಿದ್ದಾನೆ. ತೊಗರಿಬೇಳೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೊತೆಗೆ ಬಿಸಿ ಮುದ್ದೆ ಆತನಿಗೆ ಒದಗಿರಲಿಲ್ಲವೆಂಬುದಷ್ಟೇ ನನ್ನ ಮರುಕ.

ಸಾಮಾನ್ಯವಾಗಿ ಮೀನಿನಿಂದ ದೊರೆಯುವುದೆಂದು ನಾವು ಕೇಳುವ ಒಮೆಗಾ-3 ಕೊಬ್ಬಿನ ಒಂದು ಬಗೆ ಈ ಸೊಪ್ಪಿನಲ್ಲಿ ಹೇರಳ. ಆಕ್ಸಲಿಕ್ ಆಮ್ಲವೂ ಹೇರಳವಾದುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗುವವರು ದೂರವಿರುವುದು ಲೇಸು. ನೆಲಕ್ಕೆ ಹಬ್ಬುವ, ನೋಟಕ್ಕೆ ಹತ್ತಿರದ ಬೇರೆ ಗಿಡಗಳೂ ಉಂಟು. ಮುರಿದಾಗ ಬಿಳಿಯ ಹಾಲು ಒಸರಿದರೆ ಅದು ಗೋಣಿಸೊಪ್ಪಲ್ಲ, ತಿನ್ನಬಾರದು. ಮಳೆ ಬಿದ್ದ ಮೇಲೆ ಹೊಲದಲ್ಲಿ ಬೆರಕೆಸೊಪ್ಪು ಆಯುತ್ತಿದ್ದ ಹೆಂಗಸರು ಇಂಥ ಗುರುತುಗಳನ್ನು ಮಕ್ಕಳಿಗೆ ಕೈಯಾರೆ ಕಲಿಸುತ್ತಿದ್ದರು. ಬಡಾವಣೆಯಾದ ಊರಿನಲ್ಲಿ ಗಿಡ ಹೇಗೋ ಉಳಿದುಕೊಂಡಿದೆ; ಕಲಿಸುವ ಹೊಲ ಉಳಿದಿಲ್ಲ. ವಾಹನಗಳ ಹೊಗೆ, ಚರಂಡಿಯ ನೀರು ಸೋಕಿದ ರಸ್ತೆಯಂಚಿನ ಸೊಪ್ಪನ್ನಂತೂ ಕೊಯ್ಯುವಂತಿಲ್ಲ. ಒಳ್ಳೆಯ ಮಣ್ಣಿನ ಕುಂಡದಲ್ಲಿ ಗೇಣುದ್ದದ ಕಾಂಡವೊಂದನ್ನು ಊರಿದರೆ ಸಾಕು, ಬೇರು ಬಿಡುತ್ತದೆ.